ಬೆಂಡಿನಡಿ ಪ್ಯೂಪ: ತಳದಿಂದ ಒಂದಡಿಯ ಲೆಕ್ಕ

ನಿಂತ ನೀರಲ್ಲಿ ಬೆಂಡಿನಡಿ ಸುಮ್ಮನೆ ತೂಗುವ ಫ್ಲೈಗೆ (ಗಾಳಕ್ಕೆ ದಾರ ಸುತ್ತಿ ಕಟ್ಟಿದ ನಕಲಿ ಹುಳಕ್ಕೆ) ಟ್ರೌಟ್ ಮೀನು ಬಾಯಿ ಹಾಕುವುದಿಲ್ಲ, ಎಳೆಯುತ್ತಲೇ ಇರಬೇಕು ಅಂದವರೇ ಹೆಚ್ಚು. ಈಗ ಅವರೇ ಹೇಗೆ ಅಂತ ಕೇಳುತ್ತಿದ್ದಾರೆ. ಕಳೆದ ಋತುವಿನಲ್ಲಿ ಸಿಕ್ಕ ಹತ್ತು ಮೀನಲ್ಲಿ ಏಳಾದರೂ ಕೈರೊನೊಮಿಡ್ ಪ್ಯೂಪಕ್ಕೇ (ಸೊಳ್ಳೆಯಂಥ, ಕಚ್ಚದ ಕೀಟದ ಕೋಶಾವಸ್ಥೆಯ ನಕಲಿಗೆ) ಬಿದ್ದಿವೆ. ಇದು ನೆನಪಿನ ಲೆಕ್ಕ, ಬರೆದಿಟ್ಟಿಲ್ಲ.

ಮೊದಲು ದುಡ್ಡು ಸುರಿದದ್ದೆಲ್ಲ ದಂಡ. ಮುಳುಗುವ ಲೈನ್ ಎರಡು, ರೆಡಿಮೇಡ್ ಫ್ಲೈ ನಲವತ್ತು ಚಿಲ್ಲರೆ. ಆ ಫ್ಲೈಗಳ ಮೈ ಉಬ್ಬಿದ ಅವರೆಕಾಯಿ. ಅಸಲಿ ಪ್ಯೂಪ ಕಡ್ಡಿಯಷ್ಟು ಸಪೂರ. ನಾನು ಕಟ್ಟುವುದು 12ರಿಂದ 16ನೇ ಅಳತೆಯ ಬಾಗಿದ ಗಾಳಕ್ಕೆ, ಹೆಚ್ಚಾಗಿ 14. ಕಪ್ಪು ಅಥವಾ ಕಂದುಗೆಂಪು ದಾರ ಒಂದೇ ಪದರ, ಗಾಳದ ಬಾಗಿನ ಅರ್ಧದವರೆಗೆ. ಮೇಲೆ ತೆಳು ಬೆಳ್ಳಿ ತಂತಿ ಐದಾರು ಸುತ್ತು. ಕಿವಿರಿಗೆ ಬಿಳಿ ಮಣಿ. ಯುವಿ ರೆಸಿನ್ (ಯುವಿ ಬೆಳಕಿಗೆ ಗಟ್ಟಿಯಾಗುವ ಅಂಟು) ಒಂದೇ ಹನಿ, ಸೂಜಿಯಲ್ಲಿ ಎಳೆದು ಹರಡಬೇಕು; ಎರಡನೇ ಹನಿ ಬಿತ್ತೋ, ಮತ್ತೆ ಅವರೆಕಾಯಿಯೇ. ಮೇಲೇಳುವ ಪ್ಯೂಪದ ಚರ್ಮದೊಳಗೆ ಗಾಳಿ ತುಂಬಿ ಬೆಳ್ಳಿಯ ಹೊಳಪು ಬರುತ್ತದಲ್ಲ, ಅದಕ್ಕೆ ದಾರದಡಿ ನಾನು ಸುತ್ತುವುದೇನೆಂದು ಇಲ್ಲಿ ಹೇಳುವುದಿಲ್ಲ.

ಆದರೂ ಫ್ಲೈ ನಾಲ್ಕಾಣೆ, ಆಳ ಹನ್ನೆರಡಾಣೆ. ಫೋರ್ಸೆಪ್ಸನ್ನು (ಗಾಳ ಬಿಡಿಸುವ ಚಿಮಟ) ಭಾರಕ್ಕೆಂದು ಫ್ಲೈಗೆ ಕಚ್ಚಿಸಿ ದೋಣಿಯ ಪಕ್ಕಕ್ಕೇ ನೇರವಾಗಿ ಇಳಿಬಿಡಿ. ತಳ ತಾಗಿದ ಕೂಡಲೇ ಸಡಿಲ ತೆಗೆದು ಬಿಗಿ ಹಿಡಿದು, ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಲೀಡರ್ (ಲೈನಿನ ತುದಿಗೆ ಕಟ್ಟುವ ಸಪೂರ ದಾರ) ಮೇಲೆ ಬೆಂಡು ಸಿಕ್ಕಿಸಿ. ಈಗ ಫೋರ್ಸೆಪ್ಸ್ ತೆಗೆದು ಎಸೆದರೆ ಫ್ಲೈ ತಳದಿಂದ ಒಂದಡಿ ಮೇಲೆ ನಿಲ್ಲುತ್ತದೆ. ಕಚ್ಚದಿದ್ದರೆ ಗೇಣು ಗೇಣಾಗಿ ಮೇಲಕ್ಕೆ ತನ್ನಿ, ಫ್ಲೈ ಬದಲಿಸುವುದು ಆಮೇಲೆ. (ಫೋರ್ಸೆಪ್ಸ್ ತೆಗೆಯದೆ ಎಸೆದು ಎರಡು ನೀರುಪಾಲು ಮಾಡಿದ್ದೇನೆ.) ನಾಲ್ಕೈದು ಮೀಟರ್ ಆಳಕ್ಕೆ ಲೀಡರ್ ಇಪ್ಪತ್ತಡಿ ಬೇಕು. ಆದ್ದರಿಂದ ಮೀನು ಬಿದ್ದಾಗ ಗೂಟ ಕಳಚಿ ಜಾರುವ ಬೆಂಡೇ ಆಗಬೇಕು. ಇಲ್ಲದಿದ್ದರೆ ಅದು ರಾಡಿನ ತುದಿಗೆ ಸಿಕ್ಕಿಕೊಂಡು ಮೀನು ಬಲೆಗೆ ಎಟುಕುವುದಿಲ್ಲ.

ಲಂಗರು ಎರಡು, ಹಿಂದೊಂದು ಮುಂದೊಂದು. ಒಂದೇ ಇದ್ದರೆ ಗಾಳಿಗೆ ದೋಣಿ ತೂಗಾಡಿ, ಲೈನ್ ಬೆಂಡನ್ನು ಎಳೆದು, ಫ್ಲೈ ಮೇಲೇರುತ್ತದೆ, ಅಳೆದದ್ದೆಲ್ಲ ವ್ಯರ್ಥ. ನನ್ನ ಮೊದಲ ಋತು ಹೋದದ್ದು ಹೀಗೇ. ಟಿಪ್ಪೆಟ್ (ಲೀಡರಿನ ಕೊನೆಯ ತುಂಡು) 5ಎಕ್ಸ್ ದಪ್ಪದ ಫ್ಲೋರೋಕಾರ್ಬನ್, ಫ್ಲೈಗೆ ಜಾರದ ಕುಣಿಕೆ ಗಂಟು. ಮಣಿ ಹಗುರವಿದ್ದರೆ ಇಳಿಯಲು ನಿಮಿಷದ ಮೇಲೇ ಹಿಡಿಯಬಹುದು, ಅಷ್ಟರೊಳಗೆ ಮತ್ತೆ ಎಸೆಯಬೇಡಿ. ಅಲೆ ಬೆಂಡನ್ನು ಕುಣಿಸುವುದೇ ಸಾಕಷ್ಟು ಚಲನೆ. ಬೆಂಡು ಮುಳುಗಲೇಬೇಕೆಂದಿಲ್ಲ, ಮೀನು ಫ್ಲೈ ಹಿಡಿದು ಮೇಲೆದ್ದರೆ ಅದು ಪಕ್ಕಕ್ಕೆ ವಾಲುತ್ತದೆ. ವಾಲಿದರೂ ರಾಡ್ ಎತ್ತಿ, ಆದರೆ ಮೆಲ್ಲಗೆ. 5ಎಕ್ಸ್ ಜಗ್ಗಿದರೆ ತಾಳುವುದಿಲ್ಲ.

ನಡುವೆ ಎರಡು ಫ್ಲೈ ಪ್ರಯೋಗವೂ ಆಯಿತು: ಕೆಳಗೆ ಕೆಂಪು ಲಾರ್ವಾ, ಎರಡಡಿ ಮೇಲೆ ಪ್ಯೂಪ. ಮೀನು ಸಿಕ್ಕಿತು, ಆದರೆ ಅದಕ್ಕಿಂತ ಹೆಚ್ಚು ಸಿಕ್ಕು ಸಿಕ್ಕಿತು. ಗಾಳಿಯಿಲ್ಲದ ದಿನ ಮಾತ್ರ ಕಟ್ಟುತ್ತೇನೆ.

ಡ್ಯಾಮ್ಸೆಲ್ ನಿಂಫ್‌ಗೆ (ಡ್ರ್ಯಾಗನ್‌ಫ್ಲೈಯಂಥ ಕೀಟದ, ನೀರಲ್ಲಿ ಬೆಳೆಯುವ ಮರಿ) ಮಾತ್ರ ಬೆಂಡು ಬಿಚ್ಚುತ್ತೇನೆ. ಹೊರಬರುವ ಹೊತ್ತಿಗೆ ಅದು ದಡದ ಜೊಂಡಿನ ಕಡೆಗೆ ಈಜುತ್ತದೆ. ದೋಣಿಯಿಂದ ದಡಕ್ಕೆ ಎಸೆದು ಆಳಕ್ಕೆ ಎಳೆದರೆ ಫ್ಲೈ ಹೋಗುವುದು ಉಲ್ಟಾ ದಿಕ್ಕಿಗೆ. ದೋಣಿಯನ್ನು ಜೊಂಡಿನ ಪಕ್ಕಕ್ಕೇ ಒಯ್ದು ಆಳದ ಕಡೆ ಎಸೆಯಿರಿ. 12ರ ಗಾಳ, ಪಾಚಿ ಬಣ್ಣದ ಮರಬು (ಮೆತ್ತನೆ ಗರಿ) ಬಾಲ. ನಾಲ್ಕು ಗಿಡ್ಡ ಎಳೆತ, ಒಂದು ನಿಲುಗಡೆ. ಕಚ್ಚುವುದು ಹೆಚ್ಚಾಗಿ ನಿಂತಾಗಲೇ.