ಗೋವಾದಲ್ಲಿರುವವರಿಗೆ: ಮಳೆಗೆ ಮುಂಚೆ ಮುರುಗಲು ಹಣ್ಣು ಹಿಡಿದಿಟ್ಟುಕೊಳ್ಳಿ

ಏಪ್ರಿಲ್ ಕೊನೆಯಿಂದ ಮೇ ಪೂರ್ತಿ ಮಾಪುಸಾದ ಶುಕ್ರವಾರದ ಸಂತೆಗೆ ಹಸಿ ಮುರುಗಲು ಬರುತ್ತೆ. ಘಟ್ಟದ ಕಾಡಿನಲ್ಲಿ ತಾನಾಗೇ ಬೆಳೆಯುವ ಮರದ್ದೇ ಹಣ್ಣು, ನಮ್ಮ ಮಂಗಳೂರಿನವರ ಪುನರ್ಪುಳಿ. ಇಲ್ಲಿ ಭಿರಂಡ ಅಂತ ಕೇಳಿ. ಒಣಗಿಸಿದ ಸಿಪ್ಪೆ ಬೇಕಾದರೆ ಸೋಲ ಅನ್ನಬೇಕು.

ಕಪ್ಪುಗೆಂಪಾಗಿ ಒತ್ತಿದರೆ ಸ್ವಲ್ಪ ಮೆತ್ತಗಾಗುವ ಹಣ್ಣು ಆರಿಸಿ. ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, ಎರಡು ಹೋಳು ಮಾಡಿ ಬೀಜ ತೆಗೆಯಿರಿ. ಶರಬತ್ತಿನ ಪಾಕಕ್ಕೆ ಒಂದು ಕೆಜಿ ಸಿಪ್ಪೆಗೆ ಎರಡು ಕೆಜಿ ಸಕ್ಕರೆ. ಜಾಸ್ತಿ ಅನ್ನಿಸುತ್ತೆ, ಆದರೆ ಕಡಿಮೆ ಮಾಡಿದರೆ ಬುರುಗು ಬಂದು ಹುಳಿಯುತ್ತೆ. ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಡಿ. ದಿನಾ ಒಣ ಸೌಟಿನಿಂದ ಕಲಕಿ. ಸಕ್ಕರೆ ಪೂರ್ತಿ ಕರಗಿದ ಮೇಲೆ ಸೋಸಿ ಫ್ರಿಜ್ಜಿಗೆ ಸೇರಿಸಿ. ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಮುಟ್ಟಿಸಲೇಬೇಡಿ, ಹುಳಿ ತಿಂದುಹಾಕುತ್ತೆ. ಬಟ್ಟೆಗೆ ಬಿದ್ದ ಕಲೆಯೂ ಅಷ್ಟು ಸುಲಭಕ್ಕೆ ಹೋಗಲ್ಲ, ಹಳೇ ನೈಟಿ ಹಾಕ್ಕೊಂಡು ಕೂತರೆ ಕ್ಷೇಮ.

ಕುಡಿಯುವಾಗ ಪಾಕಕ್ಕೆ ನೀರು ಬೆರೆಸಿ, ಚಿಟಿಕೆ ಉಪ್ಪು, ಹುರಿದ ಜೀರಿಗೆಪುಡಿ ಹಾಕಿ. ತೆಂಗಿನಹಾಲು ಹಾಕಿ ಮಾಡುವ ಸೋಲ್‌ಕಡಿಗೆ ಮಾತ್ರ ಈ ಸಿಹಿ ಪಾಕ ಆಗಲ್ಲ, ಅದಕ್ಕೆ ಒಣ ಸೋಲ ಇಟ್ಟುಕೊಳ್ಳಿ.

ಬೀಜ ಎಸೆಯಬೇಡಿ. ಅಂಟಿದ ತಿರುಳು ಹೋಗುವಂತೆ ತೊಳೆದು ಒಣಗಿಸಿಟ್ಟರೆ, ಊರ ಕಡೆ ಅದರ ತುಪ್ಪ ತೆಗೆಯುವವರು ಇನ್ನೂ ಇದ್ದಾರೆ. ಒಡೆದ ಹಿಮ್ಮಡಿಗೆ ಅದನ್ನು ಹಚ್ಚುತ್ತಾರೆ.