ಬೆಸೆದ ವರ್ಣತಂತು ಹೊಸ ಪ್ರಭೇದಕ್ಕೆ ದಾರಿಯಾಗುತ್ತದೆಯೇ? ಹಣ್ಣುನೊಣದಲ್ಲಿ ಪರೀಕ್ಷಿಸುವ ಕ್ರಮ

ವರ್ಣತಂತುಗಳ (ಕ್ರೋಮೋಸೋಮ್, ಜೀನ್‌ಗಳನ್ನು ಹೊತ್ತ ಎಳೆ) ಸಂಖ್ಯೆ ಬೇರೆ ಇದ್ದ ಮಾತ್ರಕ್ಕೆ ಎರಡು ಜೀವಿಗಳನ್ನು ಬೇರೆ ಪ್ರಭೇದ ಎಂದು ಬರೆದುಬಿಡುವುದು ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಕಾಣುವ ತಪ್ಪು. ಸ್ಲೈಡ್ ತೋರಿಸುವುದು ರಚನೆಯನ್ನು ಮಾತ್ರ. ಎರಡರ ನಡುವೆ ಸಂತಾನಕ್ಕೆ ತಡೆ ಇದೆಯೋ ಇಲ್ಲವೋ ಎಂಬುದು ಸಂಕರದ ಸಂತತಿಯಲ್ಲಿ ಗೊತ್ತಾಗಬೇಕು.

ಇದನ್ನು ಕಲಿಯಲು ಹಣ್ಣುನೊಣಗಳಾದ ಡ್ರೊಸೊಫಿಲಾ ನಸೂಟ ಮತ್ತು ಡ್ರೊಸೊಫಿಲಾ ಆಲ್ಬೊಮಿಕಾನ್ಸ್ ಒಳ್ಳೆಯ ಜೋಡಿ. ನಸೂಟದಲ್ಲಿ 8 ವರ್ಣತಂತು, ಆಲ್ಬೊಮಿಕಾನ್ಸ್‌ನಲ್ಲಿ 6. ಆಲ್ಬೊಮಿಕಾನ್ಸ್‌ನಲ್ಲಿ ಮೂರನೆಯ ವರ್ಣತಂತು ಲಿಂಗ ವರ್ಣತಂತುಗಳಾದ ಎಕ್ಸ್‌ಗೂ ವೈಗೂ ಬೆಸೆದುಕೊಂಡಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಚ್.ಎ. ರಂಗನಾಥ್ ಮತ್ತು ಸಂಗಡಿಗರು ಕೊಡಗಿನ ನಸೂಟವನ್ನು ಒಕಿನಾವಾದ ಆಲ್ಬೊಮಿಕಾನ್ಸ್ ಜೊತೆ ಕೂಡಿಸಿ, ಎರಡರ ವರ್ಣತಂತುಗಳೂ ಬೆರೆತು ನೆಲೆಗೊಂಡ ‘ಸೈಟೊರೇಸ್’ಗಳನ್ನು ಪ್ರಯೋಗಾಲಯದಲ್ಲೇ ಪಡೆದರು. ತಳಿಗಳಿಗಾಗಿ ಮೊದಲು ಅಲ್ಲಿನ ಡ್ರೊಸೊಫಿಲಾ ಸ್ಟಾಕ್ ಸೆಂಟರ್‌ನಲ್ಲೇ ವಿಚಾರಿಸಿ.

ಸ್ಲೈಡ್

ವರ್ಣತಂತುಗಳನ್ನು ನೋಡುವುದು ಮರಿಹುಳುವಿನ ಮಿದುಳಿನ ಕೋಶಗಳಲ್ಲಿ. ಮೂರನೆಯ ಹಂತದ, ಬಾಟಲಿಯ ಗೋಡೆ ಹತ್ತತೊಡಗಿದ ದಪ್ಪ ಮರಿಹುಳು ಬೇಕು. ಕಿಕ್ಕಿರಿದ ಬಾಟಲಿಯ ಸಣಕಲು ಹುಳುವಿನ ಮಿದುಳಿನಲ್ಲಿ ವಿಭಜನೆ ಕಡಿಮೆ, ಎಷ್ಟು ಹುಡುಕಿದರೂ ಮೆಟಾಫೇಸ್ (ವರ್ಣತಂತುಗಳು ಸ್ಪಷ್ಟವಾಗಿ ಕಾಣುವ ವಿಭಜನೆಯ ಹಂತ) ಸಿಗದು. ಕೊಯ್ಯುವ ಮೊದಲೇ ಲಿಂಗ ಗುರುತಿಸಿ: ಗಂಡಿನ ಹಿಂಭಾಗದ ಇಕ್ಕೆಲದಲ್ಲಿ ವೃಷಣಗಳು ಪಾರದರ್ಶಕ ದುಂಡು ಚುಕ್ಕೆಗಳಾಗಿ ಕಾಣುತ್ತವೆ.

0.7% ಉಪ್ಪಿನ ದ್ರಾವಣದಲ್ಲಿ ಮಿದುಳು ಬಿಡಿಸಿ, ವಿಭಜನೆಯನ್ನು ಮೆಟಾಫೇಸ್‌ನಲ್ಲೇ ನಿಲ್ಲಿಸುವ ಕಾಲ್ಚಿಸಿನ್ ಸೇರಿಸಿದ ಅದೇ ದ್ರಾವಣದಲ್ಲಿ ಒಂದರಿಂದ ಒಂದೂವರೆ ಗಂಟೆ ಇಡಿ. ಪ್ರಮಾಣ ಮಿಲಿಲೀಟರಿಗೆ 4 ಮೈಕ್ರೊಗ್ರಾಂ. ಅಂದರೆ 1 ಮಿ.ಗ್ರಾಂ/ಮಿ.ಲೀ. ದ್ರಾವಣದಿಂದ 4 ಮೈಕ್ರೊಲೀಟರ್ ತೆಗೆದು 1 ಮಿ.ಲೀ.ಗೆ ಹಾಕಿದರಾಯಿತು. ಇದು ವಿಷ, ಕೈಗವಸು ಬಿಡಬೇಡಿ. ಹೊತ್ತು ಮೀರಿದರೆ ವರ್ಣತಂತುಗಳು ಕುಗ್ಗಿ ಮೊಂಡಾಗುತ್ತವೆ, ಒಂದೇ ತೋಳಿನ ಕಡ್ಡಿ ಯಾವುದು, ಎರಡು ತೋಳಿನ ‘ವಿ’ ಯಾವುದು ಎಂದು ತಿಳಿಯುವುದಿಲ್ಲ.

ಅಲ್ಲಿಂದ, ಕೋಶ ಉಬ್ಬಲು, 0.5% ಸೋಡಿಯಂ ಸಿಟ್ರೇಟ್‌ಗೆ, 8ರಿಂದ 10 ನಿಮಿಷ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಸಮಯ ಸಾಲದಿದ್ದರೆ ವರ್ಣತಂತುಗಳು ಒಂದೇ ಮುದ್ದೆ. ಹೆಚ್ಚಾದರೆ ಕೋಶ ಒಡೆದು ಅಕ್ಕಪಕ್ಕದ ಕೋಶಗಳವು ಬೆರೆತುಹೋಗುತ್ತವೆ, ಎಣಿಕೆಯಲ್ಲಿ ಇಲ್ಲದ 9, 10 ಬರುತ್ತದೆ.

ಅಸಿಟಿಕ್ ಆಮ್ಲ, ಮೆಥನಾಲ್, ನೀರು 11:11:2ರ ತಾಜಾ ಮಿಶ್ರಣದಲ್ಲಿ ಅರ್ಧ ನಿಮಿಷ ಅದ್ದಿ, 45% ಅಸಿಟಿಕ್ ಆಮ್ಲದಲ್ಲಿ ತಯಾರಿಸಿದ 2% ಆರ್ಸೀನ್ ಬಣ್ಣದ ಪುಟ್ಟ ಹನಿಗೆ ಹಾಕಿ. ಎರಡು ಮೂರು ನಿಮಿಷದ ನಂತರ ಕವರ್‌ಸ್ಲಿಪ್ ಇಟ್ಟು, ಫಿಲ್ಟರ್ ಕಾಗದ ಮಡಿಸಿ ಹೆಬ್ಬೆರಳಿನಿಂದ ನೇರವಾಗಿ, ಬಲವಾಗಿ ಒತ್ತಿ. ಪಕ್ಕಕ್ಕೆ ಜಾರಿದರೆ ಆ ಸ್ಲೈಡ್ ಬಿಸಾಡಿ.

ಎಣಿಕೆ

ಮೊದಲು ಹೆಣ್ಣನ್ನೇ ನೋಡಿ. ನಸೂಟದಲ್ಲಿ ಒಂದು ಜೊತೆ ‘ವಿ’, ಎರಡು ಜೊತೆ ಕಡ್ಡಿ, ಒಂದು ಜೊತೆ ಚುಕ್ಕೆ. ಆಲ್ಬೊಮಿಕಾನ್ಸ್‌ನಲ್ಲಿ ಕಡ್ಡಿಯೇ ಇಲ್ಲ. ಎರಡು ಜೊತೆ ‘ವಿ’, ಒಂದು ಜೊತೆ ಚುಕ್ಕೆ. ಮೊದಲ ತಲೆಮಾರಿನ ಸಂಕರದಲ್ಲಿ 7: ಮೂರು ‘ವಿ’, ಎರಡು ಕಡ್ಡಿ, ಎರಡು ಚುಕ್ಕೆ. ನೊಣಗಳಲ್ಲಿ ಸಮಜಾತ ವರ್ಣತಂತುಗಳು ದೇಹಕೋಶದಲ್ಲೂ ಜೊತೆಗೂಡಿ ನಿಲ್ಲುವುದರಿಂದ ಎರಡು ಚುಕ್ಕೆ ಒಂದರಂತೆ ಕಾಣಬಹುದು. ಒಂದೇ ಕೋಶದ ಎಣಿಕೆ ನಂಬಬೇಡಿ.

ಸಂಕರ

ಹೊರಬಂದ ಕೆಲವೇ ಗಂಟೆಗಳೊಳಗಿನ ಕನ್ಯೆ ಹೆಣ್ಣುಗಳನ್ನು ಬೇರ್ಪಡಿಸಿ, ಎರಡೂ ದಿಕ್ಕಿನ ಸಂಕರ (ಒಮ್ಮೆ ನಸೂಟ ಹೆಣ್ಣು, ಒಮ್ಮೆ ಆಲ್ಬೊಮಿಕಾನ್ಸ್ ಹೆಣ್ಣು) ಮಾಡಿ. ಅವುಗಳ ಮೊದಲ ತಲೆಮಾರು ಬರಡಲ್ಲ. ಲಿಂಗಾಣು ರೂಪಿಸುವ ಅರೆವಿಭಜನೆಯಲ್ಲಿ (ಮಿಯೋಸಿಸ್) ಬೆಸೆದ ‘ವಿ’ ಒಂದು ಧ್ರುವಕ್ಕೂ ಬಿಡಿ ಎಕ್ಸ್, ಬಿಡಿ ಮೂರನೆಯ ವರ್ಣತಂತು ಇನ್ನೊಂದಕ್ಕೂ ಹೋದರೆ ಲಿಂಗಾಣು ಸಮತೋಲದಲ್ಲಿರುತ್ತದೆ. ತಪ್ಪಿದರೆ ಕೊರತೆಯೋ ಹೆಚ್ಚುವರಿಯೋ ಉಂಟಾಗಿ ಭ್ರೂಣ ಸಾಯುತ್ತದೆ. ಆದ್ದರಿಂದ ಅಳೆಯಬೇಕಾದದ್ದು ಮೊಟ್ಟೆ. ಸಂಕರದ ಗಂಡನ್ನೂ ಹೆಣ್ಣನ್ನೂ ಬೇರೆ ಬೇರೆಯಾಗಿ ಮೂಲ ತಳಿಗೆ ಕೂಡಿಸಿ, 24 ಗಂಟೆಯ ಮೊಟ್ಟೆ ಎಣಿಸಿ, ಇನ್ನೆರಡು ದಿನಕ್ಕೆ ಒಡೆಯದೆ ಉಳಿದವನ್ನು ನೋಡಿ. ಕಂದಿದವು ಭ್ರೂಣ ಬೆಳೆದು ಸತ್ತವು. ಬಿಳಿಯವು ಫಲಿತವಾಗದವು ಇಲ್ಲವೇ ತೀರಾ ಆರಂಭದಲ್ಲೇ ಸತ್ತವು. ಎರಡನ್ನೂ ಕೂಡಿಸಿ ಬರೆದರೆ ಕಾರಣ ಕೈತಪ್ಪುತ್ತದೆ. ಮೂಲ ತಳಿಗಳ ಮೊಟ್ಟೆಗಳನ್ನೂ ಅದೇ ದಿನ, ಅದೇ ಆಹಾರದಲ್ಲಿ ಎಣಿಸಿರಬೇಕು.

ಫಲವಂತಿಕೆ ಇಳಿಯಿತೆನ್ನಿ. ಬೆಸುಗೆ ಕಾರಣವೋ, ಎರಡು ತಳಿಗಳ ಜೀನ್‌ಗಳ ಹೊಂದಾಣಿಕೆ ಇಲ್ಲದ್ದೋ? ಬೇರ್ಪಡಿಸಲು ಬೆಸೆದ ಎಕ್ಸ್ ಹೊತ್ತ ಹೆಣ್ಣನ್ನು ಐದಾರು ತಲೆಮಾರು ಮತ್ತೆ ಮತ್ತೆ ನಸೂಟ ಗಂಡಿಗೇ ಕೂಡಿಸಿ (ಬ್ಯಾಕ್‌ಕ್ರಾಸ್); ಬೆಸುಗೆ ಉಳಿದು, ಆಲ್ಬೊಮಿಕಾನ್ಸ್‌ನ ಉಳಿದ ಜೀನ್‌ಗಳು ಕಡಿಮೆಯಾಗುತ್ತವೆ. ಪ್ರತಿ ತಲೆಮಾರಿನಲ್ಲೂ ಬೆಸುಗೆ ಉಳಿದಿದೆಯೇ ಎಂದು ಸಂತತಿಯ ಸ್ಲೈಡ್ ನೋಡಲೇಬೇಕು. ಹೆಣ್ಣೇ ಏಕೆಂದರೆ ಗಂಡು ಡ್ರೊಸೊಫಿಲಾದಲ್ಲಿ ಜೋಡಿ ವರ್ಣತಂತುಗಳ ನಡುವೆ ಜೀನ್ ಅದಲುಬದಲು ತೀರಾ ಅಪರೂಪ, ಬೆಸುಗೆಗೆ ಅಂಟಿಕೊಂಡ ಜೀನ್‌ಗಳು ಕಳಚುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಹೆಜ್ಜೆ ಇಲ್ಲದ ವರದಿಗೆ ಬೆಲೆ ಕಡಿಮೆ.

ಒಂಟಿ ಬೆಸುಗೆ ಸಾಮಾನ್ಯವಾಗಿ ದುರ್ಬಲ ತಡೆ. ಎರಡು ಗುಂಪುಗಳಲ್ಲಿ ಒಂದೇ ತೋಳು ಬೇರೆ ಬೇರೆ ತೋಳುಗಳಿಗೆ ಬೆಸೆದಿದ್ದರೆ ಸಂಕರದಲ್ಲಿ ಉದ್ದ ಸರಪಳಿ ಕಟ್ಟಿ, ಬರಡುತನ ಹೆಚ್ಚುತ್ತದೆ. 40 ವರ್ಣತಂತುಗಳ ಮನೆ ಇಲಿಯಲ್ಲಿ ಇಂಥ ಬೆಸುಗೆಗಳು ಹಲವು. ಮಡೇರಾ ದ್ವೀಪದಲ್ಲಿ ಕೆಲವೇ ಶತಮಾನಗಳಲ್ಲಿ ಬೇರೆ ಬೇರೆ ಗುಂಪುಗಳಾದವು. ವರ್ಣತಂತುವಿನೊಳಗೇ ತಿರುಗುಮುರುಗಾದ ತುಂಡುಗಳ (ಇನ್ವರ್ಶನ್) ಕೆಲಸ ಬೇರೆ: ಆ ಭಾಗದಲ್ಲಿ ಜೀನ್ ಅದಲುಬದಲು ನಿಂತು, ಬೇರ್ಪಡಿಸುವ ಜೀನ್‌ಗಳು ಒಟ್ಟಿಗೇ ಉಳಿಯುತ್ತವೆ. ಸಂಕರದ ಮರಿಹುಳುವನ್ನು 18 ಡಿಗ್ರಿಯಲ್ಲಿ ಬೆಳೆಸಿ ಲಾಲಾಗ್ರಂಥಿಯ ಸ್ಲೈಡ್ ಮಾಡಿದರೆ ಅವು ಕುಣಿಕೆಗಳಾಗಿ ಕಾಣುತ್ತವೆ. ಬೆಸುಗೆಯನ್ನು ಮಾತ್ರ ಅಲ್ಲಿ ಹುಡುಕಬೇಡಿ. ತೋಳುಗಳು ಸೇರುವ ಬಿಂದುಗಳಾದ ಸೆಂಟ್ರೊಮಿಯರ್‌ಗಳೆಲ್ಲ ಒಂದೇ ಗಂಟಾಗಿ ಕೂಡಿರುವುದರಿಂದ ಬೆಸೆದ ತೋಳಿಗೂ ಬಿಡಿ ತೋಳಿಗೂ ಅಲ್ಲಿ ವ್ಯತ್ಯಾಸ ತಿಳಿಯದು. ಅದಕ್ಕೆ ಮಿದುಳಿನ ಸ್ಲೈಡೇ ಬೇಕು.