ಕೊಟ್ಟಿಗೆಯಲ್ಲೇ ಹಸುವಿಗೆ ರಕ್ತ ಕೊಟ್ಟದ್ದು: ನನ್ನ ಅನುಭವ

ಉಣ್ಣಿಯಿಂದ ಹರಡುವ ಥೈಲೇರಿಯಾಸಿಸ್ ರೋಗ ತಗುಲಿ ರಕ್ತ ಬತ್ತಿಹೋದ ಮಿಶ್ರತಳಿ ಹಸುವಿಗೆ ರೈತನ ಕೊಟ್ಟಿಗೆಯಲ್ಲೇ ರಕ್ತ ಕೊಟ್ಟು ಉಳಿಸಬಹುದು ಎಂದು ನಾನು ಹೇಳಿದಾಗ, ಕಮಲಾಪುರ, ಹುಮನಾಬಾದ್ ಭಾಗದಲ್ಲಿ ನನ್ನಂತೆಯೇ ಖಾಸಗಿ ಪಶುವೈದ್ಯರ ಬಳಿ ಸಹಾಯಕರಾಗಿ ದುಡಿಯುವ ಹೆಚ್ಚಿನವರು ನಂಬಲಿಲ್ಲ. ಅದು ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಗಬೇಕಾದ ಕೆಲಸ, ಹಳ್ಳಿಯಲ್ಲಿ ಕಬ್ಬಿಣಾಂಶದ ಇಂಜೆಕ್ಷನ್ ಮತ್ತು ಸಲೈನ್ ಹಾಕಿ ದೇವರ ಮೇಲೆ ಭಾರ ಹೊರಿಸಬೇಕು ಎಂಬುದು ಅವರ ವಾದವಾಗಿತ್ತು. ಕಳೆದ ಮೂರು ಬೇಸಿಗೆಗಳಲ್ಲಿ ನಮ್ಮ ಡಾಕ್ಟರ ಮಾರ್ಗದರ್ಶನದಲ್ಲಿ ರಕ್ತ ಕೊಟ್ಟ ಹಸುಗಳ ಪೈಕಿ ಸುಮಾರು ಮುಕ್ಕಾಲು ಪಾಲು ಎದ್ದು ನಿಂತು ಹಾಲು ಕೊಡುತ್ತಿರುವುದರಿಂದ, ಈಗ ಇದನ್ನು ಬರೆಯುವ ಧೈರ್ಯ ನನಗೆ ಬಂದಿದೆ.

ಹಿಂದೆ ರಕ್ತ ಕೊಟ್ಟು ಸೋತವರ ಸೋಲಿಗೆ ಮುಖ್ಯ ಕಾರಣ ರಕ್ತವನ್ನೇ ಚಿಕಿತ್ಸೆಯೆಂದು ತಿಳಿದದ್ದು. ದನಗಳಲ್ಲಿ ಹೊರಗಿನಿಂದ ಕೊಟ್ಟ ಕೆಂಪು ರಕ್ತಕಣಗಳು ಹೆಚ್ಚೆಂದರೆ ಮೂರು ನಾಲ್ಕು ದಿನ ಬಾಳುತ್ತವೆ, ಅಷ್ಟೇ. ಆ ಅವಧಿಯೊಳಗೆ ಈ ರೋಗಾಣುವನ್ನು ಕೊಲ್ಲುವ ಔಷಧವಾದ ಬುಪಾರ್ವಾಕ್ವೋನ್ ತನ್ನ ಕೆಲಸ ಮುಗಿಸಬೇಕು ಮತ್ತು ಹಸುವಿನ ಮಜ್ಜೆ ಸ್ವಂತ ರಕ್ತ ಮಾಡಲು ಶುರುಮಾಡಬೇಕು. ಆದ್ದರಿಂದ ನಾವು ಮೊದಲು ಇಪ್ಪತ್ತು ಕಿಲೋ ತೂಕಕ್ಕೆ ಒಂದು ಮಿಲಿ ಲೆಕ್ಕದಲ್ಲಿ ಕುತ್ತಿಗೆಯ ಸ್ನಾಯುವಿಗೆ, ಎರಡು ಮೂರು ಜಾಗಗಳಲ್ಲಿ ಹಂಚಿ, ಆ ಔಷಧ ಚುಚ್ಚಿ, ಅದೇ ಗಂಟೆಯಲ್ಲಿ ರಕ್ತ ಏರಿಸುತ್ತೇವೆ. ಅಗತ್ಯ ಕಂಡರೆ ಎರಡು ದಿನ ಬಿಟ್ಟು ಔಷಧವನ್ನು ಮತ್ತೊಮ್ಮೆ ಕೊಡುತ್ತೇವೆ. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡವಾರು ಪಾಲು, ಹನ್ನೆರಡರ ಆಸುಪಾಸಿಗೆ ಇಳಿದು, ಕಣ್ಣಿನ ಒಳಪೊರೆ ಬೆಳ್ಳಗಾಗಿ, ಹೆಗಲ ಮುಂದಿನ ಗಡ್ಡೆ (ಊದಿದ ದುಗ್ಧಗ್ರಂಥಿ) ಕೈತುಂಬ ಸಿಗುತ್ತಿದ್ದು, ಹಸು ಇನ್ನೂ ಕಾಲ ಮೇಲೆ ನಿಂತಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ. ನೆಲಹಿಡಿದು ಪಿಸಿವಿ ಎಂಟಕ್ಕೆ ಬಂದ ಮೇಲೆ ಕರೆಸಿದ ಹಸುಗಳಲ್ಲಿ ನಾವು ಹೆಚ್ಚಿನವನ್ನು ಕಳೆದುಕೊಂಡಿದ್ದೇವೆ.

ಸಾಮಗ್ರಿಗೆ ಹೋದ ಹಣದ ವಿಷಯ ಹೇಳಲೇಬೇಕು. ಮೊದಲ ವರ್ಷ ಮನುಷ್ಯರಿಗೆ ಬಳಸುವ 350 ಮಿಲಿಯ ರಕ್ತದ ಚೀಲಗಳನ್ನು ಕಲಬುರಗಿಯಿಂದ ತರಿಸಿದೆವು. ಒಂದಕ್ಕೆ ನೂರು ನೂರೈವತ್ತು ರೂಪಾಯಿ. 350 ಕಿಲೋ ತೂಗುವ ಹಸುವಿಗೆ ಮೂರೂವರೆಯಿಂದ ನಾಲ್ಕು ಲೀಟರು ಬೇಕೆಂದರೆ ಹತ್ತು ಹನ್ನೊಂದು ಚೀಲ ಹಿಡಿಯುತ್ತವೆ. ಖರ್ಚು ಒಂದೆಡೆಯಾದರೆ, ಚೀಲದ ಸಣ್ಣ ಸೂಜಿಯಲ್ಲಿ ತುಂಬಿಸುತ್ತ ಕುಳಿತರೆ ದಾನಿ ಎತ್ತು ಗಂಟೆಗಟ್ಟಲೆ ನಿಲ್ಲುವುದಿಲ್ಲ. ಎತ್ತು ತಲೆ ಕೊಡವಿದಾಗ ಸೂಜಿ ಕಿತ್ತುಬಂದು, ಅರ್ಧ ತುಂಬಿದ ಚೀಲಗಳು ಹೆಪ್ಪುಗಟ್ಟಿ ಹಾಳಾದದ್ದು ಬಹಳ. ಕಡೆಗೆ ದಪ್ಪ ಸೂಜಿ, ರಬ್ಬರ್ ನಳಿಕೆ ಮತ್ತು ದೊಡ್ಡ ಗಾಜಿನ ಬಾಟಲಿಗಳಿಗೆ ಬಂದೆವು. ಅವನ್ನು ಪ್ರೆಶರ್ ಕುಕ್ಕರಿನಲ್ಲಿ ಇಪ್ಪತ್ತು ನಿಮಿಷಕ್ಕೆ ಕಡಿಮೆಯಾಗದಂತೆ ಬೇಯಿಸಿ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲಿನಂತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಶೇಕಡ 3.8ರ ಸೋಡಿಯಂ ಸಿಟ್ರೇಟ್ ದ್ರಾವಣವನ್ನು ಮೊದಲೇ ಹಾಕಿಟ್ಟುಕೊಳ್ಳುತ್ತೇವೆ. ಬಾಟಲಿ ತುಂಬುವವರೆಗೂ ಒಬ್ಬ ಹುಡುಗ ಅದನ್ನು ಮೆಲ್ಲಗೆ ಆಡಿಸುತ್ತಿರಬೇಕು. ಈಗ ನಾಲ್ಕು ಲೀಟರು ತೆಗೆಯಲು ಅರ್ಧ ಗಂಟೆಯೂ ಬೇಕಾಗುವುದಿಲ್ಲ. ದಾನಿಯ ಕೊರಳಿಗೆ ಹಗ್ಗ ಬಿಗಿಯುವುದರಲ್ಲಿ ನಾನು ಕಂಡುಕೊಂಡ ಒಂದು ಪಟ್ಟು ಇದೆ, ಅದರಿಂದ ಧಾರೆ ನಡುವೆ ಎಲ್ಲೂ ನಿಲ್ಲುವುದಿಲ್ಲ. ಅದನ್ನು ಬರಹದಲ್ಲಿ ಕೊಡುವುದಿಲ್ಲ, ಕಲಿಯಬೇಕೆನ್ನುವವರು ಬಂದು ಪಕ್ಕದಲ್ಲಿ ನಿಂತು ನೋಡಬೇಕು.

ಏರಿಸುವಾಗ ಸಾಮಾನ್ಯ ಸಲೈನ್ ಸೆಟ್ ಬಳಸಿದವರೆಲ್ಲರೂ ಅರ್ಧ ಲೀಟರು ಇಳಿಯುವಷ್ಟರಲ್ಲಿ ಕೈಚೆಲ್ಲಿದ್ದಾರೆ, ಏಕೆಂದರೆ ಅದರ ಸಣ್ಣ ಜಾಲರಿ ಕಟ್ಟಿಕೊಳ್ಳುತ್ತದೆ. ಅಗಲ ಜಾಲರಿಯ ರಕ್ತದ ಸೆಟ್ಟನ್ನೇ ತಂದು, ಎರಡು ಬಾಟಲಿಗೊಮ್ಮೆ ಬದಲಿಸುವುದು ಒಳ್ಳೆಯದು. ಅದೇ ಸೂಜಿಯಲ್ಲಿ ರಿಂಗರ್ ಲ್ಯಾಕ್ಟೇಟನ್ನಾಗಲಿ ಕ್ಯಾಲ್ಸಿಯಂ ಬಾಟಲಿಯನ್ನಾಗಲಿ ಜೋಡಿಸಿದರೆ ಅವುಗಳಲ್ಲಿನ ಕ್ಯಾಲ್ಸಿಯಂನಿಂದ ಸಿಟ್ರೇಟಿನ ತಡೆ ಮುರಿದು ನಳಿಕೆಯಲ್ಲೇ ರಕ್ತ ಗಟ್ಟಿಯಾಗುತ್ತದೆ. ಮೊದಲ ಹದಿನೈದು ನಿಮಿಷ ಹನಿ ಹನಿಯಾಗಿಯೇ ಬಿಟ್ಟು ಹಸುವಿನ ಮುಖ ನೋಡುತ್ತ ನಿಲ್ಲುತ್ತೇನೆ. ನಡುಕ, ಬಿಕ್ಕಳಿಕೆ, ಕಣ್ಣೀರು, ಏದುಸಿರು, ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೇ ನಿಲ್ಲಿಸುತ್ತೇನೆ. ಅಲರ್ಜಿಯ ಆಘಾತಕ್ಕೆ ಕೊಡುವ ಅಡ್ರಿನಲಿನ್ ತುಂಬಿದ ಸಿರಿಂಜು ಅಷ್ಟು ಹೊತ್ತೂ ಡಾಕ್ಟರ ಕೈಗೆ ಎಟಕುವಂತೆಯೇ ಇರುತ್ತದೆ.

ನಮ್ಮ ಗೆಲುವಿನ ನಿಜವಾದ ಕಾರಣ ದಾನಿಗಳ ಪಟ್ಟಿ. ಹಸು ಬೀಳುವ ದಿನ ದಾನಿಯನ್ನು ಹುಡುಕಹೊರಟರೆ ಹೊತ್ತು ಮುಳುಗುತ್ತದೆ. ನಾನು ಪ್ರತಿವರ್ಷ ಶಿವರಾತ್ರಿಯ ಆಸುಪಾಸಿನಲ್ಲೇ ಊರೂರು ತಿರುಗಿ, ದೇವಣಿ ತಳಿಯ ಎತ್ತು ಸಾಕಿದವರನ್ನು ಮಾತನಾಡಿಸಿ, ಎತ್ತುಗಳ ರಕ್ತವನ್ನು ಗಾಜಿಗೆ ಲೇಪಿಸಿ ರೋಗಾಣು ನೋಡುವ ಪರೀಕ್ಷೆ ಮತ್ತು ಗರ್ಭ ಕಳೆಯುವ ರೋಗವಾದ ಬ್ರುಸೆಲ್ಲಾದ ಪರೀಕ್ಷೆ ಮಾಡಿಸಿಡುತ್ತೇನೆ. ಐದುನೂರು ಕಿಲೋ ತೂಗುವ ದೇವಣಿ ಎತ್ತು ಐದು ಲೀಟರು ಕೊಟ್ಟರೂ ಎದೆಗುಂದುವುದಿಲ್ಲ. ಆದರೆ ಎತ್ತಿನವರನ್ನು ಒಪ್ಪಿಸುವುದು ಸುಲಭದ ಮಾತಲ್ಲ. “ರಕ್ತ ತೆಗದ್ರ ಬಿತ್ತಾಕ ಎತ್ತಿನ್ಯಾಗ ಏನ್ ಉಳಿತದೋ ತಮ್ಮಾ?” ಎಂದು ಒಬ್ಬ ಹಿರಿಯರು ನನ್ನನ್ನು ಅಂಗಳದಿಂದಲೇ ಕಳುಹಿಸಿದ್ದರು. ಮುಂದಿನ ವರ್ಷ ಪಕ್ಕದ ಮನೆಯ ಎತ್ತು ರಕ್ತ ಕೊಟ್ಟು ಮುಂಗಾರು ಬಿತ್ತನೆಯನ್ನೂ ಮುಗಿಸಿದ್ದನ್ನು ನೋಡಿ ಅವರೇ ಕರೆಸಿಕೊಂಡರು. ರಕ್ತ ಕೊಟ್ಟ ಎತ್ತಿಗೆ ಹತ್ತು ದಿನ ನೊಗ ಹೂಡಬಾರದು, ಆ ದಿನಗಳಲ್ಲಿ ಕಣಿಕೆಯ ಜೊತೆಗೆ ಸೇಂಗಾ ಹಿಂಡಿ ಮತ್ತು ತೊಗರಿ ಹೊಟ್ಟು ಕೊಡಬೇಕು ಎಂಬ ಕರಾರನ್ನು ಮೊದಲೇ ಮಾಡಿಸಿಕೊಳ್ಳುತ್ತೇನೆ.

ರಕ್ತವನ್ನು ಮೊದಲೇ ತೆಗೆದಿಟ್ಟುಕೊಳ್ಳಬಹುದೇ ಎಂದು ಕೂಡ ನೋಡಿದೆವು. ಸಿಟ್ರೇಟ್ ಹಾಕಿದ ಒಂದು ಬಾಟಲಿಯನ್ನು ಲಸಿಕೆಯ ಫ್ರಿಜ್ಜಿನಲ್ಲಿ ಇಟ್ಟು ದಿನವೂ ಗಮನಿಸಿದೆವು. ಬರೀ ಸಿಟ್ರೇಟಿನಲ್ಲಿ ಕಣಗಳಿಗೆ ಆಹಾರವಿಲ್ಲದ್ದರಿಂದ, ಕೆಲವೇ ದಿನಗಳಲ್ಲಿ ಮೇಲಿನ ತಿಳಿ ಕೆಂಪಾಗಿ ಅವು ಒಡೆದದ್ದು ಕಂಡಿತು. ಅಂದಿನಿಂದ ತೆಗೆದ ರಕ್ತವನ್ನು ಗೋಣಿಯ ನೆರಳಿನಲ್ಲಿಟ್ಟು ಆಗಿಂದಾಗಲೇ ಏರಿಸುತ್ತೇವೆ.

ಇನ್ನೊಂದು ಪ್ರಯೋಗ ಉಣ್ಣಿಯ ಮೇಲಿನದು. ಈ ರೋಗ ಹರಡುವ ಹಯಲೋಮಾ ಉಣ್ಣಿ ಗೋಡೆಯ ಬಿರುಕಿನಲ್ಲಿ ಅಡಗುತ್ತದೆ. ನಮ್ಮ ಕಡೆಯ ಕೊಟ್ಟಿಗೆಗಳಲ್ಲಿ ಶಹಾಬಾದ್ ಕಲ್ಲಿನ ಸಂದುಗಳು ಅವಕ್ಕೆ ಹೇಳಿಮಾಡಿಸಿದಂತಿವೆ. ನಾಟಿ ಕೋಳಿ ಬಿಟ್ಟು ನೋಡಿದೆವು. ದನದ ಮೈಮೇಲಿನವನ್ನು ಹೆಕ್ಕಿ ತಿಂದವೇ ಹೊರತು ಸಂದಿನೊಳಗಿನವು ಹಾಗೆಯೇ ಉಳಿದವು. ಸಂದುಗಳಿಗೆ ಸಿಮೆಂಟ್ ತುಂಬಿಸಿ, ಗೋಡೆಗೂ ದನಕ್ಕೂ ಎರಡು ವಾರದ ಅಂತರದಲ್ಲಿ ಎರಡು ಸಲ ಔಷಧ ಹೊಡೆಸಿದ ಕೊಟ್ಟಿಗೆಗಳಿಂದ ಮರುವರ್ಷ ನಮಗೆ ಕರೆ ಬರುವುದು ಬಹಳ ಕಡಿಮೆಯಾಯಿತು. ಅದಕ್ಕೆ ತಗಲಿದ್ದು ನಾಲ್ಕೈದು ಸಾವಿರ.

ರಕ್ತ ಕೊಡುವುದಕ್ಕೆ ಬುಪಾರ್ವಾಕ್ವೋನ್ ಸೇರಿ ಈಗ ಒಟ್ಟು ಐದೂವರೆ ಸಾವಿರದ ಆಸುಪಾಸು ಬೀಳುತ್ತದೆ: ಔಷಧಕ್ಕೆ ಎರಡು ಸಾವಿರ, ಎತ್ತಿನವರಿಗೆ ಒಂದೂವರೆ ಸಾವಿರ, ಸಾಮಗ್ರಿ ಮತ್ತು ಪ್ರಯಾಣಕ್ಕೆ ಸುಮಾರು ಸಾವಿರ, ಉಳಿದದ್ದು ಡಾಕ್ಟರಿಗೂ ನನಗೂ. ಎಪ್ಪತ್ತು ಎಂಬತ್ತು ಸಾವಿರ ಬೆಲೆಬಾಳುವ ಹಸುವಿಗೆ ಇದು ಹೆಚ್ಚೆಂದು ಯಾರೂ ಚೌಕಾಸಿ ಮಾಡಿಲ್ಲ. ಒಂದೇ ಹಸುವಿಗೆ ಮತ್ತೆ ರಕ್ತ ಬೇಕಾದರೆ ಮೊದಲ ಒಂದು ವಾರದೊಳಗೆ ಮಾತ್ರ ಕೊಡುತ್ತೇವೆ. ಆ ಹೊತ್ತಿಗೆ ಹಸುವಿನ ಮೈ ಹೊರಗಿನ ರಕ್ತದ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳುವುದರಿಂದ, ವಾರ ದಾಟಿದ ಮೇಲೆ ಮಾಲೀಕರು ಎಷ್ಟೇ ಕೇಳಿಕೊಂಡರೂ ನಮ್ಮ ಡಾಕ್ಟರು ಒಪ್ಪುವುದಿಲ್ಲ, ನಾನೂ ಬಾಟಲಿ ಹಿಡಿಯುವುದಿಲ್ಲ.